ಮೊಲಜ್ಜ ಹೇಳದೆ ಬಿಟ್ಟ ಜಾಗ

ಊರಿಗೆ ಮೊದಲು ಕೇಬಲ್ ಎಳೆದವನು ದರ್ಜಿಯಮ್ಮನ ಮೈದುನ. ಅವನ ಕಪ್ಪು ತಂತಿ ತಾರಸಿಯಿಂದ ತಾರಸಿಗೆ ಹರಿದು ಮನೆಮನೆಯ ಕಿಟಕಿಯ ಸಂದಿಯಲ್ಲಿ ನುಸುಳಿತು. ಹೆಂಗಸರು ಅದರ ಮೇಲೆ ಒದ್ದೆ ಬಟ್ಟೆ ಹರವುವುದು, ಅವನು ಬೀದಿಯಲ್ಲಿ ನಿಂತು ಕೂಗಾಡುವುದು, ಅವರು ಮೇಲಿನಿಂದಲೇ, "ಒಂದು ಟವಲಿನ ಭಾರ ತಡೆಯದ ತಂತಿ ಅಷ್ಟು ದೊಡ್ಡ ಸಿನಿಮಾ ಹೇಗಪ್ಪಾ ಹೊತ್ಕೊಂಡು ಬರತ್ತೆ?" ಎಂದು ನಗುವುದು, ಇದೆಲ್ಲ ದಿನನಿತ್ಯದ ಮಾತಾಗಿತ್ತು.

ದೊಡ್ಡವರಿಗೆ ಸಿನಿಮಾ ಬಂತು, ಸುದ್ದಿ ಬಂತು. ಮಕ್ಕಳಿಗೆ ಅಂತ ಸಂಜೆ ಹೊತ್ತು ಕಾರ್ಟೂನು ಕ್ಯಾಸೆಟ್ ಹಾಕತೊಡಗಿದ. ಇದ್ದ ಕ್ಯಾಸೆಟ್ಟುಗಳನ್ನೇ ಮಗುಚಿ ಮಗುಚಿ ಹಾಕಿ ಮಕ್ಕಳಿಗೂ ಸಾಕಾಯಿತು, ಯಂತ್ರಕ್ಕೂ ಸಾಕಾಯಿತು. ಆಗ ಒಂದು ಮಧ್ಯಾಹ್ನ ಅವನು ಅಣ್ಣನ ಮನೆಗೆ ಬಂದ. ದರ್ಜಿಯಮ್ಮ ಶಾಲೆಯ ಯೂನಿಫಾರ್ಮುಗಳ ರಾಶಿಯ ನಡುವೆ ಮಿಷಿನ್ ತುಳಿಯುತ್ತ ಕೂತಿದ್ದಳು.

"ಅತ್ತಿಗೆ, ಒಂದು ಗೊಂಬೆ ಹೊಲಿದು ಕೊಡಿ."

"ಯಾರ ಮಗುಗಪ್ಪಾ?"

"ಊರಲ್ಲಿರೋ ಮಕ್ಕಳಿಗೆಲ್ಲ ಒಂದೇ ಸಾಕು."

ಹಳೆಯ ಬೂದು ಕಂಬಳಿಯೊಂದನ್ನು ಕತ್ತರಿಸಿ ಅವಳು ಮೊಲ ಮಾಡಿದಳು. ಕೋಟಿನ ಗುಂಡಿಗಳು ಕಣ್ಣಾದವು. ತೀರಿಹೋದ ಮಾವನವರ ಗಾಜಿಲ್ಲದ ಕನ್ನಡಕ ಮೂಗಿನ ಮೇಲೆ ಕೂತಿತು. ಮೊಳದುದ್ದದ ಕಿವಿಗಳೊಳಗೆ ತೆಳು ತಂತಿ ಇಟ್ಟು, ಎರಡಕ್ಕೂ ಒಂದೊಂದು ದಾರ ಕಟ್ಟಿ, ಬಲಗಿವಿಯದ್ದನ್ನು ನಡುಬೆರಳಿಗೂ ಎಡಗಿವಿಯದ್ದನ್ನು ಉಂಗುರದ ಬೆರಳಿಗೂ ಸಿಕ್ಕಿಸಿಕೊಂಡಳು. ಕೈ ಒಳಗೆ ಹೋದದ್ದೇ ತಡ, ಅವಳ ಗಂಟಲಿನಿಂದ ಒಬ್ಬ ಮುದುಕ ಮಾತಾಡಿದ. ಒಡಕು ದನಿ, ನಡುನಡುವೆ ಕೆಮ್ಮು. ಮೈದುನ ಕೂತಲ್ಲೇ ಬೆಚ್ಚಿದ.

"ಇವನು ಎಲ್ಲಿದ್ದ ಅತ್ತಿಗೆ ನಿಮ್ಮೊಳಗೆ?"

"ನಿಮ್ಮಣ್ಣನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಲ್ಲ, ಗೊಣಗೋ ಮುದುಕ ಒಬ್ಬ ಒಳಗೆ ಸೇರ್ಕೊಂಡಿರ್ತಾನೆ ಬಿಡು."

ಹೀಗೆ ಮೊಲಜ್ಜ ಹುಟ್ಟಿದ. ಕಾಗದದಲ್ಲಿ ಆ ಚಾನೆಲ್ಲಿಗೆ ಏನೋ ಒಂದು ದೊಡ್ಡ ಹೆಸರಿತ್ತು, ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅದು ಮೊಲದ ಚಾನೆಲ್.

ಸ್ಟುಡಿಯೋ ಅಂದರೆ ಹಾಸಿಗೆ ಅಂಗಡಿಯ ಮೇಲಿನ ಹಳೆಯ ಗೋದಾಮು. ಬೀದಿಯ ಸದ್ದು ಬರಬಾರದೆಂದು ಮೈದುನ ಇದ್ದ ಒಂದೇ ಒಂದು ಕಿಟಕಿಗೂ ಹಲಗೆ ಬಡಿದು, ನಾಲ್ಕು ಗೋಡೆಗೂ ಹತ್ತಿಯ ಹಾಸಿಗೆಗಳನ್ನು ಒರಗಿಸಿದ್ದ. ಬಾಗಿಲು ಹಾಕಿದರೆ ಆಡಿದ ಮಾತು ಬಾಯಿಂದ ಆಚೆ ಒಂದು ಗೇಣೂ ಹೋಗುವುದಿಲ್ಲ ಅನ್ನಿಸುತ್ತಿತ್ತು. ದರ್ಜಿಯಮ್ಮ ಮೇಜಿನ ಹಿಂದೆ ಮೋಟು ಸ್ಟೂಲಿನ ಮೇಲೆ ಕುಗ್ಗಿ ಕೂತು ಕೈ ಮೇಲೆತ್ತುವಳು. ಒಳಗೆ ಅವಳ ಉಸಿರು ಬಿಟ್ಟರೆ ಬೇರೆ ಏನೂ ಕೇಳದು. ಅವಳು ಆಡಿದ್ದು ಮಾತ್ರ ಊರಿನ ಅಷ್ಟೂ ಮನೆಗಳಲ್ಲಿ ಒಟ್ಟಿಗೇ ಕೇಳುತ್ತಿತ್ತು.

ಮೊಲಜ್ಜನ ಕೆಲಸ ಹುಟ್ಟುಹಬ್ಬದ್ದು. ಮಗುವಿನ ಹುಟ್ಟುಹಬ್ಬದ ದಿನ ಅಪ್ಪನೋ ಅಮ್ಮನೋ ಉಡುಗೊರೆಯನ್ನು ಮನೆಯಲ್ಲೇ ಎಲ್ಲೋ ಬಚ್ಚಿಟ್ಟು, ಮಗುವಿಗೆ ಗೊತ್ತಾಗದ ಹಾಗೆ ಮೈದುನನಿಗೆ ಫೋನ್ ಮಾಡಿ ಜಾಗ ಹೇಳುವರು. ಅವನು ಅತ್ತಿಗೆಗೆ ಹೇಳುವನು. ಸಂಜೆ ಮೊಲಜ್ಜ ಕಿವಿ ನಿಮಿರಿಸಿ, "ತಡಿ ತಡಿ, ಏನೋ ಕೇಳಿಸ್ತಿದೆ... ಪಾಪಣ್ಣಾ, ನಿಮ್ಮ ಅಟ್ಟದ ಮೇಲೆ ತಗಡಿನ ಪೆಟ್ಟಿಗೆ ಇದೆ ನೋಡು, ಅದರ ಹಿಂದೆ ಕೈ ಹಾಕು" ಎನ್ನುವನು. ಮಗು ಓಡುವುದು. ಕೈ ಹಾಕಿದರೆ ಅಲ್ಲಿ ಉಡುಗೊರೆ ಇರುವುದು!

ದರ್ಜಿಯಮ್ಮನಿಗೆ ಬರೆಯುವುದೆಂದರೆ ತಲೆನೋವು, ನೆನಪಿಟ್ಟುಕೊಳ್ಳುವುದು ನೀರು ಕುಡಿದಷ್ಟು ಸಲೀಸು. ಒಮ್ಮೆ ಕಿವಿಗೆ ಬಿದ್ದ ಜಾಗ ತಲೆಯಿಂದ ಅಳಿಯುತ್ತಿರಲಿಲ್ಲ. ವರ್ಷಗಳು ಕಳೆದ ಹಾಗೆ, ಹೊಸ್ತಿಲು ಕೂಡ ತುಳಿಯದ ಮನೆಗಳ ಒಳಗೆಲ್ಲ ಅವಳಿಗೆ ಗೊತ್ತಾಯಿತು. ಬೀದಿಯಲ್ಲಿ ಹೋಗುವಾಗ ಯಾವ ಮನೆಯ ಬೀರುವಿಗೆ ಕಳ್ಳ ಅರೆ ಇದೆ, ಯಾರ ಮಂಚದ ಕೆಳಗೆ ನೆಲದ ಕಲ್ಲು ಕಿತ್ತುಬಂದಿದೆ ಎಂಬುದು ಗೋಡೆ ದಾಟಿ ಕಂಡ ಹಾಗೆ ಎದುರಿಗೆ ಬರುತ್ತಿತ್ತು. ಸಣ್ಣ ಮಕ್ಕಳು ಅವಳನ್ನು ಕಂಡರೆ ಆಟ ನಿಲ್ಲಿಸಿ ಸುಮ್ಮನಾಗುತ್ತಿದ್ದವು. ಗೊಂಬೆ ಆಡಿಸುವವಳು ಇವಳು ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಆದರೂ ಏನೋ ವಾಸನೆ ಹಿಡಿದಿದ್ದವು.

ಗಂಡ ಬಸ್ ಕಂಡಕ್ಟರ್. ಅವನಿಗೆ ಎಲ್ಲವೂ ತಮಾಷೆ. "ಮೊಲಜ್ಜೀ, ನನ್ನ ಇನ್ನೊಂದು ಚಪ್ಪಲಿ ಎಲ್ಲಿದೆ ಕೇಳಿ ಹೇಳೇ" ಎನ್ನುತ್ತಿದ್ದ.

ಒಂದು ವರ್ಷ ದರ್ಜಿಯಮ್ಮನಿಗೆ ಜ್ವರ ಬಂದು ಗಂಟಲು ಪೂರ್ತಿ ಕಟ್ಟಿತು. ಪಿಸುಮಾತೂ ಹೊರಡದು. ಮೈದುನ ತಲೆ ಓಡಿಸಿದ. ಹುಟ್ಟುಹಬ್ಬ ವರ್ಷ ವರ್ಷ ಅದೇ ತಾರೀಖಿಗೆ ತಾನೇ ಬರುವುದು? ಹೋದ ವರ್ಷದ ಇದೇ ದಿನದ ಟೇಪು ಹಾಕಿದರೆ ಅವೇ ಮಕ್ಕಳ ಹೆಸರು ಬರುತ್ತವೆ. ಮನೆಗಳಿಗೆ ಫೋನ್ ಮಾಡಿ, "ಹೋದ ಸಲ ಇಟ್ಟ ಜಾಗದಲ್ಲೇ ಈ ಸಲಾನೂ ಇಡಿ" ಅಂದರಾಯಿತು. ಹಾಗೇ ಮಾಡಿದ. ಒಂದು ಮನೆಯಲ್ಲಿ ಫೋನ್ ಎತ್ತಲಿಲ್ಲ. ಎತ್ತದಿದ್ದರೆ ಬಿಡಲಿ, ಇನ್ನೆಲ್ಲಿ ಇಟ್ಟಿರುತ್ತಾರೆ ಎಂದುಕೊಂಡು ಟೇಪು ಹಾಕಿದ.

ದರ್ಜಿಯಮ್ಮ ಮನೆಯಲ್ಲಿ ಹೊದ್ದು ಮಲಗಿದ್ದಳು. ಟಿವಿಯಲ್ಲಿ ತನ್ನದೇ ದನಿ ಕೆಮ್ಮಿ ಮಾತಾಡತೊಡಗಿತು.

ಗಂಡ ನಕ್ಕ. "ನೋಡೇ, ನಿನ್ನ ಬಾಯಿ ಮುಚ್ಚಿದ್ರೂ ಗಂಟಲು ಮಾತ್ರ ಊರು ಸುತ್ತುತ್ತಾ ಇದೆ."

ಅವಳಿಗೆ ನಗು ಬರಲಿಲ್ಲ. ಒಂದು ಹೆಸರಾಯಿತು, ಇನ್ನೊಂದಾಯಿತು. ಮುಂದಿನದು ಯಾವುದೆಂದು ಅವಳಿಗೆ ಥಟ್ಟನೆ ನೆನಪಾಯಿತು. ಎದ್ದು ಕೂತಳು. ಕೂಗಲು ಬಾಯಿ ತೆರೆದಳು. ಗಾಳಿ ಮಾತ್ರ ಬಂತು.

"ಗುಬ್ಬೀ," ಎಂದ ಮೊಲಜ್ಜ. "ನಿಮ್ಮಮ್ಮ ಇಸ್ತ್ರಿ ಮಾಡೋ ಬೆಂಚಿದೆಯಲ್ಲ, ಅದರ ಕೆಳಗೆ ಹಿಂದಿನ ಮೂಲೆಗೆ ಕೈ ಹಾಕು. ಇನ್ನೂ ಒಳಗೆ. ಇನ್ನೂ ಒಳಗೆ."

ಗುಬ್ಬಿ ಲಾಂಡ್ರಿಯವಳ ಮಗಳು. ಮೈದುನನಿಗೆ ಅವಳು ಒಂದು ಫೋನ್ ನಂಬರ್ ಅಷ್ಟೆ. ದರ್ಜಿಯಮ್ಮನಿಗೆ ಹಾಗಲ್ಲ. ಹೊಲಿದ ಯೂನಿಫಾರ್ಮುಗಳಿಗೆ ಇಸ್ತ್ರಿ ಹಾಕಿಸಲು ಅವಳು ಹೋಗುತ್ತಿದ್ದದ್ದು ಆ ಲಾಂಡ್ರಿಗೇ. ಬೆಂಚಿನ ತುದಿಯಲ್ಲಿ ಕಾಲಾಡಿಸುತ್ತ ಕೂತಿರುತ್ತಿದ್ದ ಆ ಹುಡುಗಿ ಈ ಸಲದ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋಗಿದ್ದಳು.

ಹೊದಿಕೆ ಸುತ್ತಿಕೊಂಡೇ ದರ್ಜಿಯಮ್ಮ ಬೀದಿಗೆ ಓಡಿದಳು. ಗಂಡ ಚಪ್ಪಲಿ ಹುಡುಕುತ್ತ ಹಿಂದೆ ಬಂದ. ಲಾಂಡ್ರಿಯ ಬಾಗಿಲು ತೆರೆದಿತ್ತು. ಟಿವಿಯಲ್ಲಿ ಮೊಲಜ್ಜ ಬೇರೆ ಯಾವುದೋ ಮಗುವಿನ ಹತ್ತಿರ ನಗುತ್ತಿದ್ದ. ಲಾಂಡ್ರಿಯವಳು ನೆಲದ ಮೇಲೆ ಬೋರಲು ಬಿದ್ದು ಬೆಂಚಿನ ಕೆಳಗೆ ತೋಳು ಪೂರ್ತಿ ತೂರಿಸಿದ್ದಳು. ಮೆಲ್ಲಗೆ ಕೈ ಎಳೆದು ಮುಷ್ಟಿ ಬಿಚ್ಚಿದಳು. ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿದ ಒಂದು ಹಾಲುಹಲ್ಲು.

"ಅಜ್ಜ ಹೇಳ್ದ ಅಕ್ಕಾ," ಎಂದಳು. "ನನ್ನ ಗುಬ್ಬಿ ಅಲ್ಲಿಟ್ಟಿದ್ದು ಅಜ್ಜನಿಗೆ ಕೇಳ್ಸಿದೆ."

ಅದು ಹಳೆಯ ಟೇಪು, ಹೋದ ವರ್ಷ ನೀನು ಬಣ್ಣದ ಪೆನ್ಸಿಲ್ ಬಚ್ಚಿಟ್ಟ ಜಾಗ ಅದು, ಮಗು ಆಮೇಲೆ ಅಲ್ಲೇ ತನ್ನ ಹಲ್ಲು ಇಟ್ಟಿರಬೇಕು ಎಂದು ದರ್ಜಿಯಮ್ಮ ಹೇಳಬೇಕಿತ್ತು. ತುಟಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಅವಳ ಗಂಡ ಹೊಸ್ತಿಲಿನಿಂದ ಆ ಹಲ್ಲನ್ನು ನೋಡಿ, ಒಳಗೆ ಬಂದು ಟಿವಿ ಆರಿಸಿದ. ಜೀವನದಲ್ಲಿ ಮೊದಲ ಸಲ ಅವನ ತಮಾಷೆ ನಿಂತದ್ದು ಆವತ್ತೇ.

ಗಂಟಲು ಬಿಟ್ಟ ಮೇಲೆ ದರ್ಜಿಯಮ್ಮ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಗೊಂಬೆ ಹೊಲಿದದ್ದು ತಾನು, ದನಿ ತನ್ನದು ಎಂದೂ ಹೇಳಿದಳು. ಲಾಂಡ್ರಿಯವಳು ತಲೆ ಆಡಿಸುತ್ತ ಕೇಳಿದಳು.

"ಟೇಪೇ ಇರಬಹುದು ಅಕ್ಕಾ. ಹೇಳಿದ್ದು ಸರಿಯಾಗಿತ್ತೋ ಇಲ್ವೋ?"

"ಅದು ಹಾಗಲ್ಲ ತಂಗೀ..."

"ಇನ್ನೆಲ್ಲಿ ಇಟ್ಟಿದಾಳೆ ಕೇಳಿ. ಅವಳು ಸುಮ್ಮನೆ ಇರೋಳಲ್ಲ, ಏನಾದ್ರೂ ಒಂದು ಬಚ್ಚಿಡ್ತಾನೇ ಇರ್ತಾಳೆ."

ಇರ್ತಿದ್ಲು ಎನ್ನಲಿಲ್ಲ, ಇರ್ತಾಳೆ ಎಂದಳು. ಲಾಂಡ್ರಿಯೊಳಗೆ ನೋಡಿದರೆ ಅಟ್ಟದ ಸಾಮಾನೆಲ್ಲ ಕೆಳಗೆ ಬಂದಿತ್ತು, ಗೋಡೆಯ ಬಿರುಕುಗಳನ್ನು ಯಾರೋ ಕೆರೆದಿದ್ದರು. ಗಿರಾಕಿಗಳ ಬಟ್ಟೆ ಮೂಟೆ ಕಟ್ಟಿದ ಹಾಗೇ ಮುಗ್ಗಲು ಹಿಡಿಯುತ್ತಿತ್ತು. ಅವಳ ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಆ ಹೆಂಗಸನ್ನು ಕಾಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಮತ್ತೆ ನೇರ ಕಾರ್ಯಕ್ರಮ ಶುರುವಾದ ಮೊದಲ ಸಂಜೆ. ಇದ್ದದ್ದು ಎರಡೇ ಹುಟ್ಟುಹಬ್ಬ. ದರ್ಜಿಯಮ್ಮ ಎರಡನ್ನೂ ಮುಗಿಸಿ, "ಇನ್ನು ಕಾರ್ಟೂನು ನೋಡ್ರಪ್ಪಾ" ಎನ್ನಬೇಕು. ಬಾಯಿ ತೆರೆದಾಗ ಬಂದದ್ದು ಬೇರೆ.

"ಗುಬ್ಬೀ, ಗಡಿಯಾರದ ಹಿಂದೆ."

ಅಷ್ಟೇ. ಯಾರೂ ಅವಳಿಗೆ ಹೇಳಿರಲಿಲ್ಲ, ಅವಳು ಯೋಚಿಸಿಯೂ ಇರಲಿಲ್ಲ. ಹಾಸಿಗೆಗಳ ನಡುವೆ ಆ ಮಾತು ತನ್ನ ಕಿವಿಗೇ ಬಿದ್ದ ಮೇಲೆಯೇ ಇದು ತಾನು ಆಡಿದ್ದು ಎಂದು ಅವಳಿಗೆ ತಿಳಿದದ್ದು.

ಕ್ಯಾಮೆರಾ ನಿಂತ ಮೇಲೆ ಮೈದುನ ಖುಷಿಯಲ್ಲಿದ್ದ; ಗುಬ್ಬಿ ತೀರಿಹೋದದ್ದನ್ನು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. "ಆ ಕೊನೇದು ಯಾರ ಮನೆಯದ್ದು ಅತ್ತಿಗೆ? ನನಗೆ ಫೋನ್ ಬಂದೇ ಇಲ್ಲ. ಏನೇ ಆಗ್ಲಿ, ಎಡಗಿವಿ ಎಷ್ಟು ಚೆನ್ನಾಗಿ ಎತ್ತಿದ್ರಿ! ಜೀವ ಇರೋ ಹಾಗೇ ಇತ್ತು."

ದರ್ಜಿಯಮ್ಮ ಕೈ ಕೆಳಗಿಳಿಸಿ ನೋಡಿಕೊಂಡಳು. ಉಂಗುರದ ಬೆರಳಿನಲ್ಲಿ ದಾರವೇ ಇರಲಿಲ್ಲ. ಎಡಗಿವಿಯ ದಾರ ಜ್ವರಕ್ಕೆ ಮುಂಚೆಯೇ ಕಿತ್ತುಹೋಗಿತ್ತು. ಹೊಲಿದು ಸರಿಮಾಡಬೇಕು ಎಂದುಕೊಂಡವಳು ಮರೆತಿದ್ದಳು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಲಾಂಡ್ರಿಯವಳು ಏದುಸಿರು ಬಿಡುತ್ತ ಬಂದು ಅಂಗೈ ತೋರಿಸಿದಳು. ತಲೆಗೆ ಕಟ್ಟುವ ಹಸಿರು ರಿಬ್ಬನ್ನು, ಇನ್ನೂ ಸುತ್ತಿದ ಹಾಗೇ ಇತ್ತು.

"ಗೋಡೆ ಗಡಿಯಾರದ ಹಿಂದಿತ್ತು ಅಕ್ಕಾ. ಅವಳಿಗೆ ಅಷ್ಟು ಎತ್ತರ ಎಟುಕ್ತಾನೇ ಇರ್ಲಿಲ್ಲ." ಅವಳ ಮುಖದಲ್ಲಿ ನಗುವಿತ್ತು. ಆ ನಗು ನೋಡಲು ಕಷ್ಟವಾಗುತ್ತಿತ್ತು. "ಈಗ ಬೆಳೆದಿರಬೇಕು, ಅಲ್ವಾ?"

"ಸ್ಟೂಲ್ ಹಾಕ್ಕೊಂಡು ಹತ್ತಿರ್ತಾಳಮ್ಮಾ," ಎಂದ ಮೈದುನ. ಆದರೆ ಅತ್ತಿಗೆಯ ಮುಖ ನೋಡಿ ಅವನ ದನಿಯೂ ಇಳಿಯಿತು.

ಆ ದಿನದಿಂದ ಲಾಂಡ್ರಿಯವಳು ಸಂಜೆಯಾದರೆ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿರುವಳು. ಊಟ ಬಿಟ್ಟಿದ್ದಳು. ಬೆರಳ ತುದಿಗಳೆಲ್ಲ ಗೋಡೆ ಕೆರೆದು ಕಿತ್ತುಹೋಗಿದ್ದವು. ದರ್ಜಿಯಮ್ಮ ಮೈದುನನಿಗೆ, "ನನ್ನ ಬಿಟ್ಟುಬಿಡಪ್ಪಾ, ಇದು ನನ್ನ ಕೈಲಿಲ್ಲ" ಎಂದಳು. ಅವನು ಬೇಡಿಕೊಂಡ. "ಈ ತಿಂಗಳ ಮಕ್ಕಳಿಗೆಲ್ಲ ಮಾತು ಕೊಟ್ಟಿದೀನಿ ಅತ್ತಿಗೆ, ಅವು ಕಾಯ್ತಾ ಇವೆ. ಅವಳನ್ನ ಇಲ್ಲಿಗೆ ಬಿಡೋದಿಲ್ಲ, ಕೆಳಗೇ ಬಾಗಿಲು ಹಾಕ್ಸ್ತೀನಿ."

ಗಂಡ ಮಾತ್ರ ಸಮಾಧಾನ ಹೇಳಿದ. "ಊರಿನ ಮನೆಗಳೆಲ್ಲ ನಿನ್ನ ತಲೆಯಲ್ಲಿ ತುಂಬ್ಕೊಂಡಿವೆ ಕಣೇ. ಯಾವುದೋ ಮನೆ ಗಡಿಯಾರ ಯಾವುದಕ್ಕೋ ಸೇರ್ಕೊಂಡಿದೆ. ರಷ್ ಇರೋ ಬಸ್ಸಲ್ಲಿ ನನಗೂ ಹಾಗೇ ಆಗತ್ತೆ, ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ಹರೀತೀನಿ."

ಅವಳು ಅದನ್ನು ನಂಬಲು ಪ್ರಯತ್ನಪಟ್ಟಳು. ಎಡಗಿವಿಗೆ ಹೊಸ ದಾರ ಹಾಕಿ ಬಿಗಿಯಾಗಿ ಹೊಲಿದಳು.

ಕೆಳಗೆ ಬಾಗಿಲು ಹಾಕಿಸಿದ್ದರಿಂದ ಮರುದಿನ ಲಾಂಡ್ರಿಯವಳು ಮನೆಯಲ್ಲೇ ಟಿವಿಯ ಮುಂದೆ ಕೂತಿದ್ದಳು. ದರ್ಜಿಯಮ್ಮನಿಗೆ ಅದು ಗೊತ್ತಿತ್ತು. ಅದೇ ಅವಳನ್ನು ಹೆದರಿಸಿದ್ದು. ಮೆಟ್ಟಿಲ ಮೇಲಿದ್ದರೆ ಹಿಡಿದುಕೊಳ್ಳಬಹುದು, ಮನೆಯಲ್ಲಿದ್ದರೆ ಮಾತು ತಲುಪುವುದಕ್ಕೂ ಅವಳು ಎದ್ದು ಹೋಗುವುದಕ್ಕೂ ನಡುವೆ ಅಡ್ಡ ಬರುವವರು ಯಾರೂ ಇಲ್ಲ.

ಕಾರ್ಯಕ್ರಮ ಶುರುವಾಯಿತು. ಹೇಳಿಕೊಟ್ಟದ್ದನ್ನಷ್ಟೇ ಹೇಳುವೆನೆಂದು ಹಲ್ಲು ಕಚ್ಚಿ ಮೊದಲ ಮಗುವಿನ ಹೆಸರು ಮುಗಿಸಿದಳು. ಆಗ ಗೊಂಬೆಯೊಳಗೆ ಅವಳ ಉಂಗುರದ ಬೆರಳು ತಾನಾಗಿ ಮಡಚಿತು. ಹೊಸ ದಾರ ಯಾರೋ ಆ ಕಡೆಯಿಂದ ಎಳೆದ ಹಾಗೆ ಬಿಗಿಯಾಯಿತು. ಮಾತು ಗಂಟಲಿಗೆ ಏರಿತು. ಈ ಸಲ ಅದು ಹೊರಬೀಳುವ ಮುಂಚೆಯೇ ಅವಳಿಗೆ ಪೂರ್ತಿ ಕಂಡಿತು. ಲಾಂಡ್ರಿಯ ಹಿತ್ತಲು. ಬಟ್ಟೆ ಒಗೆಯಲು ನೀರು ತುಂಬಿಸುವ ನೆಲದೊಳಗಿನ ದೊಡ್ಡ ತೊಟ್ಟಿ. ಕಬ್ಬಿಣದ ಮುಚ್ಚಳ. ಆಮೇಲೆ ಮಾತು: ತೊಟ್ಟಿಯ ತಳದಲ್ಲಿದೆ, ಕೈ ಎಟುಕದಿದ್ದರೆ ಇಳಿ.

"ಗುಬ್ಬೀ," ಎಂದ ಮೊಲಜ್ಜ.

ದರ್ಜಿಯಮ್ಮ ನಾಲಗೆ ಕಚ್ಚಿದಳು. ಬಾಯಲ್ಲಿ ರಕ್ತದ ರುಚಿ ಬಂತು, ಮಾತು ಹಿಂದೆ ಸರಿಯಲಿಲ್ಲ. ಎಡಗೈಯಿಂದ ಗೊಂಬೆಯ ಸೊಂಟ ಹಿಡಿದು ಜಗ್ಗಿ ಬಲಗೈಯನ್ನು ಕಿತ್ತುಕೊಂಡಳು. ಊರಿನ ಮಕ್ಕಳೆಲ್ಲ ನೋಡುತ್ತಿದ್ದ ಹಾಗೇ ಮೊಲಜ್ಜ ಮೇಜಿನ ಮೇಲೆ ಕುಸಿದು ಬರೀ ಕಂಬಳಿಯಾದ. ಅವನ ಜಾಗದಲ್ಲಿ ಕೆದರಿದ ತಲೆಯ ನಡುವಯಸ್ಸಿನ ಹೆಂಗಸೊಬ್ಬಳು ಎದ್ದು ನಿಂತಳು.

ಮೈದುನ ಕ್ಯಾಮೆರಾ ಹಿಂದೆ ಬೇಡವೆಂದು ಕೈ ಆಡಿಸುತ್ತಿದ್ದ. ಅವಳು ನೋಡಲಿಲ್ಲ. ಸುಮ್ಮನಾದರೆ ಆ ಮಾತು ಬಂದುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಾಯಿಗೆ ಬಂದದ್ದನ್ನು ತನ್ನದೇ ದನಿಯಲ್ಲಿ ಆಡಲು ಶುರುಮಾಡಿದಳು.

"ಏ ಲಾಂಡ್ರಿ ತಂಗೀ! ನಾನು ಕೊಟ್ಟಿದ್ದ ಯೂನಿಫಾರ್ಮ್ ಎಲ್ಲಿ? ಕೊಟ್ಟು ಎಷ್ಟು ದಿನ ಆಯ್ತು, ಇಸ್ತ್ರಿ ಮಾಡಿದ್ಯೋ ಇಲ್ವೋ? ನಾಳೆ ಶಾಲೆ ಇದೆ, ಮಕ್ಕಳು ಬರಿ ಮೈಲಿ ಹೋಗ್ಬೇಕಾ? ಹೇಗಿದ್ರೆ ಹಾಗೇ ತಗೊಂಡು ಬಾ. ಸುಕ್ಕಿದ್ರೂ ಪರವಾಗಿಲ್ಲ, ಒದ್ದೆ ಇದ್ರೂ ಪರವಾಗಿಲ್ಲ. ಹಿತ್ತಲಿಗೆ ಹೋಗ್ಬೇಡ, ಮುಂದಿನ ಬಾಗಿಲಿಂದ ಬಾ. ನೀಲಿ ಲಂಗಗಳ ಗಂಟು ಮೊದಲು ಎತ್ಕೋ. ಎತ್ಕೊಂಡ್ಯಾ? ನೀನು ಬರೋ ತನಕ ನಾನು ಇಲ್ಲಿಂದ ಕದಲೋದಿಲ್ಲ, ಬಾಯೂ ಮುಚ್ಚೋದಿಲ್ಲ..."

ನಿಜಕ್ಕೂ ಮುಚ್ಚಲಿಲ್ಲ. ಗುಂಡಿ, ಕಾಜಾ, ಕಾಲರು, ಗಂಡನ ಗೊರಕೆ, ಮಿಷಿನ್ನಿನ ಎಣ್ಣೆ, ಏನೇನೋ ಮಾತಾಡಿದಳು. ಊರಿನ ಮನೆಗಳಲ್ಲಿ ಮಕ್ಕಳು ಅಳುತ್ತಿದ್ದವು, ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು. ಮೈದುನ ಟೇಪು ಹಾಕಲು ಹೋದರೆ, "ಮುಟ್ಟಿದ್ರೆ ನೋಡು, ಹೋಗಿ ಕೆಳಗಿನ ಬಾಗಿಲು ತೆಗಿ" ಎಂದು ಗದರಿ ಮತ್ತೆ ಕಾಲರಿಗೆ ಬಂದಳು. ಕಡೆಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಲಾಂಡ್ರಿಯವಳು ಎದೆಯ ಮೇಲೆ ನೀಲಿ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು.

"ಇಸ್ತ್ರಿ ಆಗಿಲ್ಲ ಅಕ್ಕಾ," ಎಂದಳು, ಎಷ್ಟೋ ದಿನದ ಮೇಲೆ ನಿದ್ದೆಯಿಂದ ಎದ್ದವಳ ಹಾಗೆ.

"ಆಗದಿದ್ರೆ ಇಬ್ರೂ ಕೂತು ಮಾಡೋಣ, ಬಾ."

ಮೊಲಜ್ಜನ ಕಥೆ ಅಲ್ಲಿಗೆ ಮುಗಿಯಿತು. ಮಕ್ಕಳ ಎದುರಿಗೇ ಬಿದ್ದ ಅಜ್ಜನನ್ನು ಮತ್ತೆ ಎಬ್ಬಿಸುವುದು ಹೇಗೆ? ಮೈದುನ ಕೆಲವು ಕಾಲ ಅತ್ತಿಗೆಯ ಹತ್ತಿರ ಮಾತು ಬಿಟ್ಟ. ಚಾನೆಲ್ಲಿನಲ್ಲಿ ಬರೀ ಕಾರ್ಟೂನು ಉಳಿಯಿತು. ಆಮೇಲೆ ದೊಡ್ಡ ಕಂಪನಿಯ ಪೆಟ್ಟಿಗೆಗಳು ಮನೆಮನೆಗೆ ಬಂದು, ಮೊಲದ ಚಾನೆಲ್ ಇದ್ದ ನಂಬರಿನಲ್ಲಿ ಯಾರೋ ಒಡವೆ ಮಾರತೊಡಗಿದರು.

ದರ್ಜಿಯಮ್ಮ ತನ್ನ ಮಿಷಿನ್ನನ್ನು ಲಾಂಡ್ರಿಯ ಮುಂಭಾಗಕ್ಕೇ ಸಾಗಿಸಿದಳು. ಒಬ್ಬಳು ಹೊಲಿಯುವಳು, ಇನ್ನೊಬ್ಬಳು ಇಸ್ತ್ರಿ ಮಾಡುವಳು. ಹಿತ್ತಲ ಬಾಗಿಲಿನ ಬೀಗದ ಕೈ ದರ್ಜಿಯಮ್ಮನ ಸೊಂಟದಲ್ಲೇ ಇರುತ್ತಿತ್ತು. ನೀರು ಬೇಕಾದಾಗ ಅವಳೇ ಹೋಗಿ ಸೇದಿ ತರುತ್ತಿದ್ದಳು. ಲಾಂಡ್ರಿಯವಳು ಒಮ್ಮೆ ಕೇಳಿದಳು: "ಆವತ್ತು ಅಜ್ಜ ಏನು ಹೇಳ್ಬೇಕು ಅಂತಿದ್ದ ಅಕ್ಕಾ?"

"ಯಾರಿಗೆ ಗೊತ್ತೇ? ಅವನಿಗೇ ಕೆಮ್ಮು ಬಂದಿತ್ತು."

ಆದರೆ ಸಂಜೆ ಆ ಹೊತ್ತಾದರೆ ಅವಳ ಉಂಗುರದ ಬೆರಳು ಸೆಟೆಯುತ್ತಿತ್ತು, ಮಾತು ಗಂಟಲಿಗೆ ಬಂದು ಕೂರುತ್ತಿತ್ತು. ಅದಕ್ಕೇ ಆ ಹೊತ್ತಿನಲ್ಲಿ ಅವಳು ಬಿಡುವಿಲ್ಲದೆ ಹರಟುತ್ತಿದ್ದಳು. ದಾರಿಹೋಕರನ್ನೆಲ್ಲ ನಿಲ್ಲಿಸಿ ಮಾತಾಡಿಸುವಳು. "ಈ ಹೆಂಗಸಿನ ಬಾಯಿಗೆ ಬ್ರೇಕೇ ಇಲ್ಲ" ಎಂದು ಬೀದಿಯವರು ನಕ್ಕರು, ಗಂಡನೂ ನಕ್ಕ. ಲಾಂಡ್ರಿಯವಳೂ ನಗಲು ಕಲಿತಳು. ಊಟ ಸೇರಿತು, ಬೆರಳು ವಾಸಿಯಾದವು. ಹಲ್ಲನ್ನೂ ರಿಬ್ಬನ್ನನ್ನೂ ಒಂದು ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿಟ್ಟಳು. ವರ್ಷಗಳಾದ ಮೇಲೆ ಗಂಡನ ಜೊತೆ ಬೇರೆ ಊರಿಗೆ ಹೋಗಿ ನೆಲೆಸಿದಳು. ಹೋಗುವಾಗ ಡಬ್ಬಿಯನ್ನು ತಾನೇ ಎತ್ತಿಕೊಂಡಳು, ಮನೆಯಲ್ಲಿ ಬೇರೆ ಏನನ್ನೂ ಹುಡುಕಲಿಲ್ಲ.

ಲಾಂಡ್ರಿಯ ಕಟ್ಟಡ ಕೊಂಡವರು ಹಿತ್ತಲ ತೊಟ್ಟಿ ಮುಚ್ಚಿಸುವ ಮೊದಲು ನೀರು ಖಾಲಿ ಮಾಡಿಸಿದರು. ದರ್ಜಿಯಮ್ಮನಿಗೆ ಆಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಗಲಿಡೀ ಪಂಪಿನ ಪಕ್ಕದಲ್ಲೇ ನಿಂತಳು. ತಳ ಕಾಣಿಸಿದಾಗ ಗಾರೆಯವನೊಬ್ಬ ಏಣಿ ಇಟ್ಟು ಇಳಿದ. ಅವಳು ಬಗ್ಗಿ ಮೂಲೆ ಮೂಲೆ ನೋಡಿದಳು. ಗಂಟಿಲ್ಲ, ಡಬ್ಬಿಯಿಲ್ಲ, ಒಂದು ಗುಂಡಿಯೂ ಇಲ್ಲ. ತೊಳೆದಿಟ್ಟ ಹಾಗೆ ಬರೀ ಸಿಮೆಂಟು.

"ಏನಾದ್ರೂ ಬಿದ್ದಿತ್ತಾ ಅಜ್ಜೀ?" ಎಂದ ಅವನು ಕೆಳಗಿನಿಂದ.

"ಇಲ್ಲಪ್ಪಾ."

ಅಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಆ ಜಾಗ ಕಾಯುತ್ತಿದ್ದದ್ದು ಗುಬ್ಬಿಯ ತಾಯಿಗಾಗಿ. ದರ್ಜಿಯಮ್ಮ ಸೆರಗು ಬಿಗಿದುಕೊಂಡು, "ಬೇಗ ಮೇಲೆ ಬಾರಪ್ಪಾ, ಅಲ್ಲಿ ನಿಲ್ಬೇಡ" ಎಂದಳು. ಅವನು ಮೇಲೆ ಬಂದ ಮೇಲೂ ಏಣಿ ಎಳೆದುಹಾಕುವ ತನಕ ಅವಳು ಅವನನ್ನು ಬಿಡದೆ ಮಾತಾಡಿಸುತ್ತಲೇ ಇದ್ದಳು.